ಹೊಳೆಯೂ ಒಂದು ಹಡಗು
(ಹೊಳೆಆಲೂರಿನ ಜುಮಾ ಖುತ್ಬಾದ ಸಾರಾಂಶ)





ಪ್ರವಾದಿ(ಸ)ರು ಒಂದು ಹಡಗಿನ ದೃಷ್ಟಾಂತ ಕೊಟ್ಟಿರುವುದು ಸಹೀಹ್ ಬುಖಾರಿಯಲ್ಲಿದೆ. ಪ್ರಯಾಣಿಕರು ಚೀಟಿ ಎತ್ತಿ ಜಾಗ ಹಂಚಿಕೊಂಡರು. ಕೆಲವರಿಗೆ ಮೇಲಂತಸ್ತು ಸಿಕ್ಕಿತು, ಕೆಲವರಿಗೆ ಕೆಳಗಿನದು. ಕೆಳಗಿದ್ದವರು ನೀರಿಗಾಗಿ ಪ್ರತಿ ಸಲ ಮೇಲೆ ಹತ್ತಬೇಕಿತ್ತು. ಅವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ತೂತು ಕೊರೆದುಕೊಳ್ಳೋಣ ಎಂದು ಅವರಿಗೆ ಅನಿಸಿತು. ಮೇಲಿನವರು ತಡೆದರೆ ಎಲ್ಲರೂ ಉಳಿಯುತ್ತಾರೆ, ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ. ದೃಷ್ಟಾಂತದ ತಿರುಳು ಇಷ್ಟು.

ನಮ್ಮ ಊರಿನ ಹೆಸರಿನಲ್ಲೇ ಹೊಳೆ ಇದೆ. ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟು ದಾಟಿ ಬರುವ ಮಲಪ್ರಭೆ ನಮ್ಮ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. 2009ರಲ್ಲಿ, ಮತ್ತೆ 2019ರಲ್ಲಿ ಆಕೆ ಉಕ್ಕಿ ಬಂದಾಗ ಯಾರ ಓಣಿ, ಯಾರ ಜಾತಿ ಎಂದು ಕೇಳಲಿಲ್ಲ. ನಾವೆಲ್ಲ ಒಂದೇ ಹಡಗಿನವರೆಂದು ಅಂದು ತಿಳಿದಿತ್ತು. ನೀರು ಇಳಿದ ಮೇಲೆ ಮರೆತೆವು.

ಬೇಸಿಗೆಯಲ್ಲಿ ಇದೇ ಹೊಳೆ ಸೊರಗಿ ಅಲ್ಲಲ್ಲಿ ಮಡುವುಗಳಷ್ಟೇ ಉಳಿಯುತ್ತವೆ. ಬದುಕಿದ ಮೀನೆಲ್ಲ ಅಲ್ಲಿ ಸೇರಿರುತ್ತದೆ. ಕಳೆದ ಬೇಸಿಗೆಯಲ್ಲಿ ಅಂಥ ಒಂದು ಮಡುವಿಗೆ ರಾತ್ರೋರಾತ್ರಿ ಯಾರೋ ಬ್ಲೀಚಿಂಗ್ ಪುಡಿ ಸುರಿದರು. ಬೆಳಿಗ್ಗೆ ದೊಡ್ಡ ಮೀನುಗಳು ಓಣಿಗೆ ಮಾರಾಟಕ್ಕೆ ಬಂದವು. ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ದಡದಲ್ಲಿ ಬಿದ್ದಿದ್ದವು. ಸುರಿದವರು ಯಾರೆಂದು ನಾವು ಇಲ್ಲಿ ಹೇಳುವುದಿಲ್ಲ. ಆದರೆ ಕೊಂಡವರಲ್ಲಿ ನಾವೂ ಇದ್ದೆವು. ಅಗ್ಗಕ್ಕೆ ಸಿಕ್ಕಿತೆಂದು ಹೇಗೆ ಹಿಡಿದಿರಿ ಎಂದು ಒಬ್ಬರೂ ಕೇಳಲಿಲ್ಲ.

ನೀರಿನ ಬೇಟೆ ಹಲಾಲ್ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು, ಹಲಾಲ್. ಆದರೆ ಇತರರಿಗೆ ಹಾನಿ ಮಾಡಿ ಗಳಿಸಲು ನಮ್ಮ ದೀನ್ ಅನುಮತಿ ಕೊಡುವುದಿಲ್ಲ. ಬ್ಲೀಚಿಂಗ್ ಪುಡಿ ಮೀನಿನ ಕಿವಿರುಗಳನ್ನು ಸುಡುತ್ತದೆ. ಮರಿ, ಮೊಟ್ಟೆ, ಹುಳ, ಬಸವನಹುಳ ಯಾವುದನ್ನೂ ಬಿಡುವುದಿಲ್ಲ. ಅದೇ ನೀರನ್ನು ದನಕರುಗಳು ಕುಡಿಯುತ್ತವೆ. ಬಲೆ, ಗಾಳ ನಂಬಿ ಬದುಕುವ ಅಂಬಿಗರ ಮನೆಯ ಒಲೆ ಆರುತ್ತದೆ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು. ನೀರಿಗೆ ಕರೆಂಟ್ ಬಿಡುವುದಂತೂ ಮನುಷ್ಯರ ಪ್ರಾಣಕ್ಕೇ ಕುತ್ತು.

ಸೂರಃ ಅಲ್-ಅಅರಾಫ್‌ನಲ್ಲಿ ಕಡಲ ದಡದ ಊರಿನವರ ಪ್ರಸ್ತಾಪವಿದೆ. ಸಬ್ಬತ್ ದಿನ ಮೀನು ಹಿಡಿಯಬಾರದೆಂದು ಅವರಿಗೆ ಆಜ್ಞೆಯಾಗಿತ್ತು. ಅಂದೇ ಮೀನುಗಳು ಹಿಂಡುಹಿಂಡಾಗಿ ಬರುತ್ತಿದ್ದವು. ಅವರು ಆಜ್ಞೆ ಮೀರಿದರು, ಶಿಕ್ಷೆಗೆ ಗುರಿಯಾದರು. ಕೈಗೆ ಸಿಕ್ಕಾಗಲೂ ಬಿಡಬಲ್ಲೆವೇ ಎಂಬುದೇ ಅವರ ಪರೀಕ್ಷೆಯಾಗಿತ್ತು. ಮುಂಗಾರಿನ ಹೊಸ ನೀರಿಗೆ ಮೀನುಗಳು ಮೊಟ್ಟೆ ಇಡಲು ಹಳ್ಳ ಹತ್ತುವಾಗ ನಮ್ಮ ಮುಂದಿರುವುದೂ ಅಂಥದ್ದೇ ಪರೀಕ್ಷೆ. ಒಂದು ದೊಡ್ಡ ರೋಹು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮಂಗಳೂರು, ಮಲ್ಪೆ, ಕಾರವಾರದ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲೇ ನಿಲ್ಲುತ್ತವೆ. ಅಷ್ಟು ದೊಡ್ಡ ಕಡಲಿಗೇ ವಿಶ್ರಾಂತಿ ಬೇಕಾದರೆ ನಮ್ಮ ಸಣ್ಣ ಹೊಳೆಗೆ ಬೇಡವೇ?

ಇನ್ನೊಂದು ಮಾತು ನಮ್ಮನ್ನೇ ಕುರಿತದ್ದು. ಮಾಂಸದಂಗಡಿಯ ಕಸ, ಕೋಳಿಯ ಪುಕ್ಕ, ಬಕ್ರೀದ್ ದಿನದ ಕರುಳು ಚೀಲದಲ್ಲಿ ಕಟ್ಟಿ ಹೊಳೆಗೆ ಎಸೆಯುವವರು ನಮ್ಮಲ್ಲಿದ್ದಾರೆ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನೂ ತಡೆದ ಪ್ರವಾದಿ(ಸ)ರ ಉಮ್ಮತ್ ನಾವು. ಕುರ್ಬಾನಿಯ ಪುಣ್ಯ ನಮಗೆ, ಅದರ ದುರ್ವಾಸನೆ ಕೆಳಗಿನ ಊರಿನವರಿಗೆ ಎಂದರೆ ಅದು ನ್ಯಾಯವೇ? ಇಂಥ ಕಸವನ್ನೇ ತಿಂದು ಬೆಳೆಯುವ ಆಫ್ರಿಕನ್ ಕ್ಯಾಟ್‌ಫಿಶ್ ಊರಿನ ಮೀನುಗಳನ್ನು ನುಂಗುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಅದರ ಸಾಕಣೆಗೆ ನಿಷೇಧವಿದೆ.

ಆದ್ದರಿಂದ ನಾವು ಇಷ್ಟನ್ನು ಮಾಡೋಣ. ಹೇಗೆ ಹಿಡಿದದ್ದೆಂದು ಕೇಳಿಯೇ ಮೀನು ಕೊಳ್ಳೋಣ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಬಿಡೋಣ, ಬಲೆಗೆ ಬಿದ್ದ ಮರಿಗಳನ್ನು ಜೀವಂತವಾಗಿ ನೀರಿಗೆ ಮರಳಿಸೋಣ. ಹರಿದ ನೈಲಾನ್ ಬಲೆಯನ್ನು ಹೊಳೆಯಲ್ಲಿ ಬಿಟ್ಟು ಬಂದರೆ ಆಮೆ, ಹಕ್ಕಿಗಳು ಸಿಕ್ಕಿ ಸಾಯುತ್ತವೆ, ಅದನ್ನು ಮನೆಗೆ ತರೋಣ. ದೋಣಿಯ, ಪಂಪ್‌ಸೆಟ್‌ನ ಎಣ್ಣೆ ನೀರಿಗೆ ಸೋರದಂತೆ ನೋಡಿಕೊಳ್ಳೋಣ. ಬಕ್ರೀದ್‌ನ ತ್ಯಾಜ್ಯವನ್ನು ಆಳವಾದ ಗುಂಡಿ ತೋಡಿ ಹೂಳೋಣ. ತಾಯಂದಿರು ಮನೆಯಲ್ಲಿ ಮಕ್ಕಳಿಗೆ ಇದನ್ನು ತಿಳಿಸಲಿ.

ಮಡುವಿಗೆ ಪುಡಿ ಸುರಿದವರು ಈ ಸಫ್‌ನಲ್ಲೇ ಕುಳಿತಿರಬಹುದು. ಅವರನ್ನು ಹೀಯಾಳಿಸುವುದು ಬೇಡ. ತೌಬಾದ ಬಾಗಿಲು ಅವರಿಗೂ ತೆರೆದಿದೆ, ಕೇಳದೆ ಕೊಂಡ ನಮಗೂ ತೆರೆದಿದೆ. ಆದರೆ ಮುಂದಿನ ಬೇಸಿಗೆಯಲ್ಲಿ ಯಾರಾದರೂ ಆ ಚೀಲ ಹಿಡಿದು ಹೊಳೆಯ ಕಡೆ ಹೊರಟರೆ ಕೈ ಹಿಡಿದು ನಿಲ್ಲಿಸುವುದು ನಮ್ಮೆಲ್ಲರ ಹೊಣೆ.

ಅಲ್ಲಾಹನು ನಮಗೆ ಅದರ ತೌಫೀಕ್ ನೀಡಲಿ. ಆಮೀನ್.