ಹಲ್ಲಾಸಾನ್: ತುದಿಗೆ 2.3 ಕಿಲೋಮೀಟರ್ ಇದ್ದಾಗ

ಕೊರಿಯಾ ಎಪಿಸೋಡ್ ಯಾವಾಗ ಅಂತ ಕೇಳ್ತಾನೇ ಇದ್ರಿ. ಇವತ್ತು ಹೇಳ್ತೀನಿ. ಆದ್ರೆ ಇದು ಬೆಟ್ಟ ಹತ್ತಿದ ಕಥೆ ಅಲ್ಲ, ಹತ್ತೋಕಾಗದೆ ವಾಪಸ್ ಬಂದ ಕಥೆ.

ಜೆಜು ಅನ್ನೋದು ಜ್ವಾಲಾಮುಖಿಯಿಂದ ಆದ ದ್ವೀಪ. ಅದರ ಮಧ್ಯೆ ಹಲ್ಲಾಸಾನ್, 1,947 ಮೀಟರ್, ದಕ್ಷಿಣ ಕೊರಿಯಾದಲ್ಲೇ ಅತಿ ಎತ್ತರದ ಬೆಟ್ಟ. ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿಯಷ್ಟೇ ಅಲ್ವಾ ಅಂತ ನಾನೂ ಹಗುರವಾಗಿ ತಗೊಂಡೆ. ಮುಳ್ಳಯ್ಯನಗಿರಿಗೆ ಜೀಪು ಬಹುಪಾಲು ಹೋಗುತ್ತೆ ಸ್ವಾಮಿ. ಇಲ್ಲಿ ಸೊಂಗ್‌ಪಾನಕ್ ದಾರಿಯಲ್ಲಿ ಹೋಗೋಕೇ 9.6 ಕಿಲೋಮೀಟರ್, ಬರೋಕೂ ಅಷ್ಟೇ.

ತುದಿಗೆ ಹೋಗ್ಬೇಕಂದ್ರೆ ಮೊದಲೇ ಆನ್‌ಲೈನ್ ಬುಕಿಂಗ್, ಗೇಟಲ್ಲಿ ಕ್ಯೂಆರ್ ಕೋಡ್. ಅದೆಲ್ಲ ಸರಿಯಾಗೇ ಮಾಡಿದ್ದೆ. ಕೆಲಸ ಬಿಟ್ಟು ಪಾಡ್‌ಕಾಸ್ಟ್ ಶುರು ಮಾಡಿದ ಮೇಲೆ ಅಪ್ಪನಿಗೂ ನನಗೂ ಮಾತು ಕಮ್ಮಿ. ತುದಿಯಿಂದ ವಿಡಿಯೋ ಕಾಲ್ ಮಾಡ್ತೀನಿ ಅಂತ ಹೇಳಿ ಬಂದಿದ್ದೆ. ಮೇಲೆ ಬೆಂಗ್‌ನೊಕ್‌ದಾಮ್ ಅಂತ ಕುಳಿಯ ಕೆರೆ ಇದೆ, ಅದನ್ನ ತೋರಿಸೋಣ ಅಂತ.

ಅಕ್ಟೋಬರ್ ತಿಂಗಳು, ಕಾಡು ಕೆಂಪಾಗಿತ್ತು. 5.8 ಕಿಲೋಮೀಟರ್ ಆದ ಮೇಲೆ ಸಾರಾ ಓರುಮ್ ಅಂತ ಬೋರ್ಡು. ಪಕ್ಕಕ್ಕೆ 600 ಮೀಟರ್ ಹತ್ತಿದ್ರೆ ಅಲ್ಲೂ ಒಂದು ಕುಳಿ ಕೆರೆ. ಹೋದೆ. ರೀಲ್ಸ್ ಮಾಡಿದೆ, ಇನ್ನೊಂದು ಟೇಕ್ ತಗೊಂಡೆ. ಒಂದು ಗಂಟೆ ಹೋಯ್ತು.

ಜಿಂದಲ್ಲೆಬಾತ್ ಅನ್ನೋ ತಂಗುದಾಣ 7.3ನೇ ಕಿಲೋಮೀಟರಲ್ಲಿದೆ. ಅದನ್ನ ಇಂತಿಷ್ಟು ಹೊತ್ತಿನೊಳಗೆ ದಾಟಿರಬೇಕು, ಋತು ನೋಡಿ ಸಮಯ ಬದಲಾಗುತ್ತೆ. ಅವತ್ತಿನ ಗಡುವು 12:30. ನಾನು ಮುಟ್ಟಿದಾಗ 12:47. ಕಾವಲಿನವರು ಎರಡೂ ಕೈ ಅಡ್ಡ ಕಟ್ಟಿ ಎಕ್ಸ್ ತೋರಿಸಿದ್ರು. ಫೋನ್ ಅನುವಾದದಲ್ಲಿ ಬೇಡ್ಕೊಂಡೆ: ಇಂಡಿಯಾದಿಂದ ಬಂದಿದ್ದೀನಿ, ನಾಳೆ ಫ್ಲೈಟು, ತುಂಬಾ ದುಡ್ಡು ಖರ್ಚಾಗಿದೆ. ಅವರು ನಗ್ತಾನೇ ಮತ್ತೆ ಎಕ್ಸ್ ತೋರಿಸಿದ್ರು.

ಬಿಕಾಂನಲ್ಲಿ ಸಂಕ್ ಕಾಸ್ಟ್ ಬಗ್ಗೆ ಉದ್ದುದ್ದ ಉತ್ತರ ಬರೆದು ಪಾಸಾದವನು ನಾನು. ಖರ್ಚಾಗಿ ಹೋದ ದುಡ್ಡನ್ನ ಮುಂದಿನ ನಿರ್ಧಾರಕ್ಕೆ ಎಳ್ಕೋಬಾರದು ಅಂತ. ಅಲ್ಲಿ ಅದೇ ದುಡ್ಡಿನ ಮಾತಾಡ್ತಾ ನಿಂತಿದ್ದೆ. ಬೆಂಚಲ್ಲಿದ್ದ ವಯಸ್ಸಾದ ಹೆಂಗಸೊಬ್ರು ಏನೂ ಹೇಳದೆ ಕೈಗೆ ಎರಡು ಕಿತ್ತಳೆ ಇಟ್ರು. ಜೆಜು ಕಿತ್ತಳೆ ಚಿಕ್ಕದು, ಸಿಪ್ಪೆ ಸಲೀಸಾಗಿ ಬರುತ್ತೆ. ಸ್ವಲ್ಪ ಅತ್ತೆ ಕೂಡ, ಇರ್ಲಿ.

ಇಳಿಯೋದು ಇನ್ನೂ ಕಷ್ಟ. ಪೂರ್ತಿ ಲಾವಾ ಕಲ್ಲು, ಸೊಕ್‌ಬಾತ್ ತಂಗುದಾಣದ ಹೊತ್ತಿಗೆ ಎಡಗಾಲಿನ ಮಂಡಿ ಹಿಡ್ಕೊಂಡ್ತು. ಕೂತು ಲೆಕ್ಕ ಹಾಕಿದೆ: ಬಿಟ್ಟಿದ್ರೆ ತುದಿಗೆ ಎರಡೂಕಾಲು, ಈ ಮಂಡಿಯಲ್ಲಿ ಕೆಳಗೆ ಬರೋವಷ್ಟರಲ್ಲಿ ಏಳು ದಾಟಿರ್ತಿತ್ತು. ಅಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗ್ತಾನೆ. ನನ್ನ ಹತ್ರ ಟಾರ್ಚ್ ಇರ್ಲಿಲ್ಲ.

281 ನಂಬರ್ ಬಸ್ ಹಿಡಿದು ಜೆಜು ಊರಿಗೆ ಬಂದು, ಕುಂಟ್ಕೊಂಡು ದೊಂಗ್‌ಮುನ್ ಮಾರ್ಕೆಟ್‌ಗೆ ಹೋದೆ. ಅಲ್ಲಿ ಬಿಂಗ್‌ತೊಕ್ ಸಿಗುತ್ತೆ. ಹುರುಳಿಯಲ್ಲ, ಬಕ್‌ವೀಟ್ ಹಿಟ್ಟಿನ ತೆಳ್ಳನೆ ದೋಸೆ, ಒಳಗೆ ಮೂಲಂಗಿ ಪಲ್ಯ, ಸುರುಳಿ ಸುತ್ತಿರ್ತಾರೆ. ಖಾರ ಇಲ್ಲ, ಹುಳಿ ಇಲ್ಲ, ಮೊದಲ ತುತ್ತಿಗೆ ಸಪ್ಪೆ. ಎರಡನೇದನ್ನ ನಾನೇ ಕೇಳಿ ತಗೊಂಡೆ.

ಅಲ್ಲಿಂದಲೇ ಕಾಲ್ ಮಾಡಿ "ಅಪ್ಪಾ" ಅಂದೆ. ಅಂಗಡಿಯಮ್ಮ ತಟ್ಟನೆ ತಿರುಗಿ ನೋಡಿದ್ರು. ಕೊರಿಯನ್ನರೂ ಅಪ್ಪನಿಗೆ ಅಪ್ಪಾ ಅಂತಾನೇ ಕರೀತಾರೆ. ಸ್ಕ್ರೀನ್ ಕಡೆ ಬಗ್ಗಿ ಕೈ ಬೀಸಿದ್ರು, ಅಪ್ಪ ಗಾಬರಿಯಾಗಿ ನಮಸ್ಕಾರ ಮಾಡಿದ್ರು.

"ಹತ್ತಿದ್ಯಾ?"

"ಇಲ್ಲ. ಲೇಟಾಯ್ತು, ವಾಪಸ್ ಕಳ್ಸಿದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ರು, "ಮಂಡಿಗೆ ಏನಾದ್ರೂ ಹಚ್ಚಿದ್ಯಾ? ಕುಂಟ್ತಾ ಇದ್ದೆ ಆಗ್ಲೇ."