ರಮಾಬಾಯಿಗೆ ದೇವರು ಸಿಕ್ಕಿದ್ದು ಯಾವಾಗ?

ನೆಟ್ಟಣದಿಂದ ಮಾತಾಡ್ತಾ ಇದ್ದೇನೆ. ಹಿಂದಿನ ಎಪಿಸೋಡ್ ಕೇಳಿದ ಒಬ್ಬರು ವಾಟ್ಸಾಪ್‌ನಲ್ಲಿ ಕೇಳಿದ್ದರು: ಮನುಷ್ಯ ಮುರಿದು ಬಿದ್ದಾಗಲೇ ದೇವರಿಗೆ ಹತ್ತಿರ ಆಗ್ತಾನೆ ಅಂತ ಚರ್ಚಿನಲ್ಲಿ ಹೇಳ್ತಾರಲ್ಲ, ಅದು ನಿಜವಾ?

ಆಗಬಹುದು. ಆದರೆ ತಾನಾಗಿ ಆಗುವುದಿಲ್ಲ, ಕೂಡಲೇ ಅಂತೂ ಅಲ್ಲವೇ ಅಲ್ಲ. ನಾನು ಹೀಗೆ ಹೇಳಲು ಕಾರಣ ಪಂಡಿತಾ ರಮಾಬಾಯಿ.

ಶಾಲೆಯ ಪುಸ್ತಕದಲ್ಲಿ ಅವರನ್ನು ಮಹಾರಾಷ್ಟ್ರದ ಸಮಾಜ ಸುಧಾರಕಿ ಅಂತ ಓದಿರ್ತೀರಿ. ಅವರು ಹುಟ್ಟಿದ್ದು ನಮ್ಮದೇ ಘಟ್ಟದ ಸಾಲಿನಲ್ಲಿ, ಕುದುರೆಮುಖದ ಕಡೆಯ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಆ ಕಾಲದ ಪಂಡಿತರ ಸಿಟ್ಟು ಕಟ್ಟಿಕೊಂಡವರು. ಆರು ತಿಂಗಳ ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆ ಕುಟುಂಬ ಘಟ್ಟ ಇಳಿಯಿತು. ಅಲ್ಲಿಂದ ಊರೂರು ತೀರ್ಥಯಾತ್ರೆ, ಪುರಾಣ ಓದಿ ಬಂದದ್ದರಲ್ಲಿ ಜೀವನ.

ಆಮೇಲೆ 1870ರ ದಶಕದ ಬರ. ಉಪವಾಸ, ವ್ರತ, ದಾನ ಎಲ್ಲ ಮಾಡಿ ಕೈಯಲ್ಲಿದ್ದದ್ದು ಮುಗಿಯಿತು. ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಲು ಮನಸ್ಸಿಲ್ಲ. ಕೆಲವೇ ತಿಂಗಳುಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ತಾಯಿಯ ಚಟ್ಟ ಹೊರಲು ಜನ ಸಾಕಾಗದೆ ರಮಾಬಾಯಿಯೇ ಹೆಗಲು ಕೊಡಬೇಕಾಯ್ತು. ಕುಳ್ಳಗಿದ್ದ ಕಾರಣ ಹೆಗಲಿಗೆ ಎಟುಕಲಿಲ್ಲ, ತಲೆಯ ಮೇಲೆ ಇಟ್ಟುಕೊಂಡು ಹೋದರು. ಉಳಿದ ಅಣ್ಣ-ತಂಗಿ ಉತ್ತರದವರೆಗೂ ನಡೆದರು. ಝೇಲಂ ನದಿಯ ದಡದಲ್ಲಿ ಚಳಿ ತಡೆಯದೆ ಮರಳಿನಲ್ಲಿ ಗುಂಡಿ ತೋಡಿ, ಅದರೊಳಗೆ ಕೂತು, ಮೈಮೇಲೆ ಮರಳು ಎಳೆದುಕೊಂಡು ರಾತ್ರಿ ಕಳೆದರಂತೆ.

ಪ್ರಸಂಗಿಗಳ ಲೆಕ್ಕದಲ್ಲಿ ಇಲ್ಲಿ ದೇವರು ಸಿಗಬೇಕು, ಅಲ್ವಾ? ರಮಾಬಾಯಿಗೆ ಆದದ್ದು ಉಲ್ಟಾ. ಇದ್ದ ನಂಬಿಕೆಯೂ ಹೋಯ್ತು. ಇದನ್ನು ಹಿಂದೂ ಧರ್ಮದ ಮೇಲೆ ದೂರು ಅಂತ ತಿಳಿಯಬೇಡಿ. ಹೊಟ್ಟೆಗಿಲ್ಲದೆ ಮನೆಯವರನ್ನು ಒಬ್ಬೊಬ್ಬರಾಗಿ ಕಳಕೊಂಡ ಕ್ರೈಸ್ತರಿಗೂ ಇದೇ ಆಗ್ತದೆ, ನಾನು ನೋಡಿದ್ದೇನೆ.

1878ರಲ್ಲಿ ಕಲ್ಕತ್ತೆ ಅವರಿಗೆ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟಿತು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಮದುವೆ. ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾದಲ್ಲಿ ಹೋದರು. ಕೈಯಲ್ಲಿ ಹಸುಗೂಸು ಮನೋರಮಾ. ವೈದ್ಯಕೀಯ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರೆ ಕಿವಿ ಕೇಳಿಸದೆ ಅದೂ ತಪ್ಪಿತು.

ಅಲ್ಲಿ ಅವರ ಮನಸ್ಸು ಮುಟ್ಟಿದ್ದು ವಾದ ಅಲ್ಲ. ಲಂಡನ್ನಿನ ಫುಲ್ಹಾಮ್‌ನಲ್ಲಿ, ಸಮಾಜ ಹೊರಗಿಟ್ಟ ಹೆಂಗಸರನ್ನು ಸಿಸ್ಟರ್‌ಗಳು ಮನೆಯವರ ಹಾಗೆ ನೋಡಿಕೊಳ್ಳುವುದನ್ನು ಕಂಡರು. ಇದು ಎಲ್ಲಿಂದ ಬಂತು ಅಂತ ಕೇಳಿದರು. ಯೇಸು ಸಮಾರ್ಯದ ಹೆಂಗಸಿನೊಟ್ಟಿಗೆ ಬಾವಿಕಟ್ಟೆಯಲ್ಲಿ ಮಾತಾಡಿದ ಕಥೆ ಓದಿ ಹೇಳಿದರು. ಆ ವರ್ಷವೇ ದೀಕ್ಷಾಸ್ನಾನ ಆಯ್ತು. ಆದರೂ ಅವರೇ ಮುಂದೆ ಬರೆದದ್ದು ಏನೆಂದರೆ, ಆಗ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ. ಕ್ರಿಸ್ತನನ್ನೇ ನೆಚ್ಚಿಕೊಳ್ಳಲು ಮತ್ತೆ ಎಂಟು ವರ್ಷ ಬೇಕಾಯ್ತು. ಬರದಿಂದ ಲೆಕ್ಕ ಹಾಕಿದರೆ ಹದಿನೈದು ವರ್ಷದ ಆಚೆಈಚೆ.

ಈ ಹದಿನೈದು ವರ್ಷ ನನಗೆ ಮುಖ್ಯ. ನಮ್ಮ ಅಪ್ಪನಿಗೆ, ಮನೆಯಲ್ಲಿ ನಾವು ಚಾಚನ್ ಅಂತೇವೆ, ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯ್ತು. ಮೂವತ್ತು ವರ್ಷ ರಬ್ಬರ್ ಟ್ಯಾಪಿಂಗ್ ಮಾಡಿದ ಬಲಗೈ ಈಗಲೂ ಎದ್ದಿಲ್ಲ. ನೋಡಲು ಬಂದವರೊಬ್ಬರು ಮಂಚದ ಪಕ್ಕ ಕೂತು, ಮರ ಕೊಯ್ದರೆ ತಾನೇ ಹಾಲು ಬರುವುದು, ದೇವರೂ ಹಾಗೆಯೇ ಅಂದರು. ಅವರು ಹೋದ ಮೇಲೆ ಚಾಚನ್ ತೊದಲುತ್ತಾ ಹೇಳಿದ್ದು: "ತೊಗಟೆ ಕೊಯ್ದರೆ ಹಾಲು. ಕತ್ತಿ ಒಳಗಿನ ಮರಕ್ಕೆ ತಾಗಿದರೆ ಗಂಟು. ಆ ಜಾಗದಲ್ಲಿ ಮತ್ತೆ ಕೊಯ್ಯಲಿಕ್ಕಾಗುದಿಲ್ಲ." ಟ್ಯಾಪಿಂಗ್ ಗೊತ್ತಿದ್ದವರಿಗೆ ಇದು ಗೊತ್ತು. ಸಂತ ಪೌಲ ಕೂಡ ತನ್ನ ಮುಳ್ಳು ಬಂದದ್ದು ಒಳ್ಳೆಯದಾಯ್ತು ಅಂತ ಶುರು ಮಾಡಲಿಲ್ಲ. ತೆಗೆದುಬಿಡು ಅಂತ ಮೂರು ಸಲ ಬೇಡಿದ. ದೇವರ ಕೃಪೆ ಸಾಕು ಅನ್ನುವುದು ಬೇಡಿ ಆದ ಮೇಲೆ ಬಂದ ಮಾತು. ಅದೂ ನೋವು ತಿಂದವನ ಬಾಯಲ್ಲೇ ಬಂದದ್ದು, ನೋಡಲು ಬಂದವರ ಬಾಯಲ್ಲಿ ಅಲ್ಲ. ಚಾಚನ್ ಈಗಲೂ ಸಂಜೆ ಜಪಸರ ಹಿಡೀತಾರೆ, ಎಡಗೈಯಲ್ಲಿ. ದೇವರ ಮೇಲೆ ಸಿಟ್ಟು ಹೋಗಿದೆಯಾ ಅಂತ ನಾನು ಕೇಳಿಲ್ಲ.

ಸರಿ, ರಮಾಬಾಯಿಗೆ ಬರೋಣ. ನಾವು ಬಿ.ಕಾಂ.ನವರು ಅವಲಂಬನೆ ಅಂದ ಕೂಡಲೇ ಗ್ಯಾರಂಟಿ ಯಾರದ್ದು ಅಂತ ಕೇಳ್ತೇವೆ. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗ ಗ್ಯಾರಂಟಿ ಇತ್ತು: ಅಮೆರಿಕದ ಒಂದು ಸಂಘ ಹತ್ತು ವರ್ಷ ಹಣ ಕೊಡುತ್ತೇವೆ ಅಂತ ಮಾತು ಕೊಟ್ಟಿತ್ತು. 1896-97ರಲ್ಲಿ ಮಧ್ಯ ಭಾರತದಲ್ಲಿ ಬರ ಬಂತು. ರಮಾಬಾಯಿ ಹೋಗಿ ನೋಡಿದರು. ಅಲ್ಲಿ ಕಂಡ ಹುಡುಗಿಯರು ಇಪ್ಪತ್ತು ವರ್ಷದ ಹಿಂದಿನ ರಮಾಬಾಯಿಯೇ. ನೂರಾರು ಮಂದಿಯನ್ನು ಕರೆತಂದರು. ಇಷ್ಟು ಜನರ ಊಟಕ್ಕೆ ಯಾವ ಸಂಘವೂ ಒಪ್ಪಿರಲಿಲ್ಲ. ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಸದನದಲ್ಲಿ 1900ರ ಹೊತ್ತಿಗೆ ಸುಮಾರು 1,500 ಮಂದಿ ಇದ್ದರು.

ಅವರ ಪ್ರಾರ್ಥನೆಯನ್ನು ನಾನು ನಂಬುವುದು ಇಲ್ಲಿ. ಹಸಿವು ಗೊತ್ತಿದ್ದವರು ನಾಳೆಯ ಅಕ್ಕಿಗೆ ದೇವರನ್ನು ಕೇಳುವುದು ಬೇರೆ, ಹೊಟ್ಟೆ ತುಂಬಿದ ನಾವು ಕೇಳುವುದು ಬೇರೆ. ಹಾಗಂತ ಕೈಕಟ್ಟಿ ಕೂರಲಿಲ್ಲ. ಹೊಲ ಮಾಡಿಸಿದರು, ದನ ಸಾಕಿದರು, ಆ ಹೆಂಗಸರಿಗೆ ಮುದ್ರಣದ ಕೆಲಸ ಕಲಿಸಿದರು. ಬೈಬಲ್ಲನ್ನು ಸಾಮಾನ್ಯ ಹೆಂಗಸರಿಗೆ ಅರ್ಥವಾಗುವ ಮರಾಠಿಗೆ ತರಲು ಹೀಬ್ರೂ, ಗ್ರೀಕ್ ಕಲಿತರು.

ಮನೋರಮಾ ನಮ್ಮ ಕಲಬುರಗಿಯಲ್ಲಿ ಶಾಲೆ ನಡೆಸಿದವರು, ತಾಯಿಯ ನಂತರ ಮುಕ್ತಿಯನ್ನು ನೋಡಿಕೊಳ್ಳಬೇಕಾದವರು. 1921ರಲ್ಲಿ ಮನೋರಮಾ ತೀರಿಕೊಂಡರು. ರಮಾಬಾಯಿಗೆ ಆಗ 63. ಇದ್ದ ಒಬ್ಬಳೇ ಮಗಳು ಅವರು. ಅನುವಾದದ ಕೆಲಸ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ಕ್ಕೆ ತಾವೂ ಹೋದರು. ಅಷ್ಟರಲ್ಲಿ ಅನುವಾದ ಮುಗಿದಿತ್ತು. ಅದಕ್ಕೆ ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ.