ಯಂತ್ರ ಹಾಕಿದ ಅಂಕಕ್ಕೆ ಯಾರು ಹೊಣೆ?

(ಶಿವಮೊಗ್ಗದ ಕೋಟೆಯಲ್ಲಿ ಸೇರಿದ್ದ ತರುಣರ ಮುಂದೆ ಮಾಡಿದ ಭಾಷಣ)



1986ರಲ್ಲಿ ಡಾ. ಸರೋಜಿನಿ ಮಹಿಷಿ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟಿತು. ಒಟ್ಟು 58 ಶಿಫಾರಸುಗಳು. ಅದರಲ್ಲೊಂದು: ಉದ್ಯಮಗಳಲ್ಲಿ ಪರ್ಸನಲ್ ಆಫೀಸರ್ ಕನ್ನಡಿಗನಾಗಿರಬೇಕು. ಏಕೆ? ಯಾರಿಗೆ ಕೆಲಸ, ಯಾರಿಗೆ ಇಲ್ಲ ಎಂದು ತೀರ್ಮಾನಿಸುವುದು ಆ ಕುರ್ಚಿ! ಅದರ ಮುಂದೆ ನಿಂತು, "ನಮ್ಮ ಹುಡುಗನನ್ನು ಏಕೆ ಕೈಬಿಟ್ಟಿರಿ ಸ್ವಾಮಿ?" ಎಂದು ಕೇಳಬಹುದಿತ್ತು.

ಇಂದು ಅನೇಕ ಕಂಪನಿಗಳಲ್ಲಿ ಆ ಕುರ್ಚಿಗೂ ಮೊದಲು ಒಂದು ಯಂತ್ರ ಕೂತಿದೆ. ಅದೇ ಕೃತಕ ಬುದ್ಧಿಮತ್ತೆ.

ಹಿಂದೆ ಭದ್ರಾವತಿಯ ಹುಡುಗರು ಅರ್ಜಿ ಹಿಡಿದು ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದರು. ಕಾಗದ ಕಾರ್ಖಾನೆಯ ಸದ್ದಡಗಿ ವರ್ಷಗಳಾದವು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಲ್ಲಿ ಹಿಂದಿನಷ್ಟು ಕೆಲಸವಿಲ್ಲ. ಈಗ ಅರ್ಜಿ ಮೊಬೈಲಿನಿಂದ ಬೆಂಗಳೂರಿಗೆ ಹೋಗುತ್ತದೆ. ಯಂತ್ರ ಅದನ್ನು ಓದುತ್ತದೆ, ಕೆಲಸದ ವಿವರಣೆಯೊಂದಿಗೆ ಹೋಲಿಸುತ್ತದೆ, ಅಂಕ ಹಾಕಿ ಸಾಲಾಗಿ ಜೋಡಿಸುತ್ತದೆ. ಸಾವಿರ ಅರ್ಜಿ ಬಂದಾಗ ಎಚ್.ಆರ್. ಅಧಿಕಾರಿ ನೋಡುವುದು ಮೇಲಿನ ಕೆಲವನ್ನಷ್ಟೇ. ಕೆಳಗುಳಿದವನ ಹೆಸರನ್ನು ಒಬ್ಬ ಮನುಷ್ಯನೂ ಓದದೇ ಇರಬಹುದು!

ಅಧಿಕಾರಿಗಳು ಇದನ್ನು ಏಕೆ ನಂಬುತ್ತಾರೆ? ಸಮಯ ಉಳಿಯುತ್ತದೆ. ಯಂತ್ರಕ್ಕೆ ಜಾತಿಯಿಲ್ಲ, ಭಾಷೆಯಿಲ್ಲ, ಪಕ್ಷಪಾತವಿಲ್ಲ ಎನ್ನುತ್ತಾರೆ. ಇನ್ನೊಂದು ಕಾರಣವೂ ಇದೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ: ಯಂತ್ರ ಬೇಡವೆಂದರೆ ತಾನು ಉತ್ತರ ಕೊಡಬೇಕಾಗಿಲ್ಲ!

ಆದರೆ ಯಂತ್ರ ಕಲಿಯುವುದು ನಮ್ಮ ಹಳೆಯ ಕಡತಗಳಿಂದಲೇ. ಅಮೆಜಾನ್ ಕಂಪನಿ 2014ರಲ್ಲಿ ಇಂಥ ಯಂತ್ರ ಕಟ್ಟಲು ಹೊರಟು, ಹತ್ತು ವರ್ಷಗಳ ಅರ್ಜಿಗಳನ್ನು ಉಣಿಸಿತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಅರ್ಜಿಯಲ್ಲಿ 'ಮಹಿಳೆಯರ' ಎಂಬ ಪದ ಕಂಡರೆ ಯಂತ್ರ ಅಂಕ ಕಡಿತ ಮಾಡತೊಡಗಿತು. ಕೊನೆಗೆ ಕಂಪನಿಯೇ ಅದನ್ನು ಕೈಬಿಟ್ಟದ್ದು 2018ರಲ್ಲಿ ಬಯಲಾಯಿತು.

ಮಾತಿನ ವಿಷಯವೂ ಅಷ್ಟೇ. 2020ರಲ್ಲಿ ಅಮೆರಿಕದ ಸಂಶೋಧಕರು ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿಯರ ನೂರು ಪದಗಳಿಗೆ ಸರಾಸರಿ 19 ತಪ್ಪು, ಕರಿಯರ ನೂರು ಪದಗಳಿಗೆ 35! ಇಂಗ್ಲಿಷನ್ನೇ ಮನೆಮಾತಾಗಿ ಆಡುವವರ ಗತಿ ಇದು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗಿಯ ಇಂಗ್ಲಿಷನ್ನು ಇಂಥ ಯಂತ್ರ ನ್ಯಾಯವಾಗಿ ಕೇಳುತ್ತದೆ ಎಂದು ಯಾರು ಖಾತರಿ ಕೊಡುತ್ತಾರೆ?

ಯಂತ್ರವನ್ನು ಒಡೆಯಿರಿ ಎಂದು ನಾನು ಹೇಳುತ್ತಿಲ್ಲ. ಶಿಫಾರಸು ಚೀಟಿ ಇಲ್ಲದ ಬಡವನಿಗೆ ಅದರಿಂದ ಉಪಕಾರವೂ ಆಗಬಹುದು. ಆದರೆ ಲೆಕ್ಕ ಕೊಡದವರನ್ನು ನಂಬುವುದು ಹೇಗೆ? ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ ಇಂಥ ಯಂತ್ರ ಬಳಸುವವರು ಪಕ್ಷಪಾತದ ತಪಾಸಣೆ ಮಾಡಿಸಿ ಫಲಿತಾಂಶ ಪ್ರಕಟಿಸಬೇಕು, ಅಭ್ಯರ್ಥಿಗೆ ಮುಂಚೆಯೇ ತಿಳಿಸಬೇಕು. ಯುರೋಪಿನ 2024ರ ಕಾನೂನು ನೇಮಕಾತಿ ಯಂತ್ರಗಳನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ಕರ್ನಾಟಕಕ್ಕೂ ಅಂಥ ಕಾನೂನು ಬೇಕು. ಆ ತಪಾಸಣೆಯಲ್ಲಿ ಕನ್ನಡಿಗರ ಲೆಕ್ಕವೂ ಇರಬೇಕು!

ಅಲ್ಲಿಯವರೆಗೆ ಕೇಳಿ: "ನನ್ನ ಅರ್ಜಿಯನ್ನು ಯಂತ್ರ ನೋಡಿತೋ, ಮನುಷ್ಯರು ನೋಡಿದರೋ?" ಪತ್ರ ಬರೆದು ಕೇಳಿ. ನಾಳೆ ಎಚ್.ಆರ್. ಕುರ್ಚಿಯಲ್ಲಿ ಕೂರುವವರೂ ಇಲ್ಲಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ: ಯಂತ್ರ ಪಕ್ಕಕ್ಕೆ ಸರಿಸಿದ ರಾಶಿಯಿಂದ ದಿನಕ್ಕೆ ಹತ್ತು ಅರ್ಜಿ ತೆಗೆದು ನೀವೇ ಓದಿ. ಮಹಿಷಿ ವರದಿ ಆ ಕುರ್ಚಿಯನ್ನು ಕನ್ನಡಿಗನಿಗೆ ಕೇಳಿದ್ದು ಸುಮ್ಮನೆ ಕೂರಲಿಕ್ಕಲ್ಲ, ಉತ್ತರ ಕೊಡಲಿಕ್ಕೆ!